ಹನ್ನೊಂದು ಸಾಲು ಅಳಿಸಿದ ಪ್ರೋಗ್ರಾಂ

ಎರಡು ಸಾವಿರದ ಮೂರರಲ್ಲಿ ನಾನು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಉಪನ್ಯಾಸಕಿಯಾಗಿದ್ದೆ. ನನ್ನೂರು ಗುಂಡ್ಲುಪೇಟೆ, ಗಡಿ ದಾಟಿ ಬಂದ ನನಗೆ ಮಲಯಾಳಂ ಆಗಷ್ಟೇ ನಾಲಿಗೆಗೆ ಒಗ್ಗುತ್ತಿತ್ತು. ಆ ವರ್ಷ ಪ್ರೋಗ್ರಾಮಿಂಗ್‌ನ ಪ್ರಾಯೋಗಿಕ ಕೋರ್ಸನ್ನು ಹೊಸದಾಗಿ ರೂಪಿಸುವ ಹೊಣೆ ನನಗೆ ಬಂತು. ಅಲ್ಲಿಯವರೆಗೆ ವಿದ್ಯಾರ್ಥಿಗಳು ಬೋರ್ಡಿನ ಮೇಲಿನ ಪ್ರೋಗ್ರಾಂ ನಕಲು ಮಾಡಿ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಪಾಸಾಗುತ್ತಿದ್ದರು. ನಮ್ಮಲ್ಲಿದ್ದದ್ದು ಹದಿನಾಲ್ಕು ಕಂಪ್ಯೂಟರ್. ನಾನು ಎಲ್ಲಕ್ಕೂ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಸಿದೆ. ತಪ್ಪು ಹುಡುಕುವ ಡಿಬಗರ್, ಕಡತದ ಪ್ರತಿ ಬದಲಾವಣೆಯನ್ನೂ ಕಾಯ್ದಿಡುವ ಸಿವಿಎಸ್, ಇಂಥ ಸಾಧನಗಳನ್ನು ಬಳಸಲೇಬೇಕೆಂದೆ. ಜೊತೆಗೆ ಒಂದು ಷರತ್ತು: ಪ್ರತಿ ಜೋಡಿಯ ಪ್ರಾಜೆಕ್ಟೂ ಕಾಲೇಜಿನ ಹೊರಗಿನ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬರಬೇಕು.

ಬಿಂದು ನೂಲ್ಪುಳದ ಕಾಡಂಚಿನ ಆದಿವಾಸಿ ಹಾಡಿಯ ಹುಡುಗಿ. ಅವಳ ಮನೆಮಾತು ನಮ್ಮ ಕನ್ನಡದ ಹತ್ತಿರದ್ದು. ತರಗತಿಯಲ್ಲಿ ಬಾಯಿ ಬಿಡದವಳು ನನ್ನ ಹತ್ತಿರ ಮಾತ್ರ ಆ ಭಾಷೆಯಲ್ಲಿ ಮಾತಾಡುತ್ತಿದ್ದಳು. ಅವಳ ಜೋಡಿಯಾಗಿ ಬಂದವನು ಜೋಬಿ, ಮುಳ್ಳನ್ಕೊಲ್ಲಿಯ ಮೆಣಸು ಬೆಳೆಗಾರರ ಮಗ.

ಆದಿವಾಸಿಗಳು ಭೂಮಿಗಾಗಿ ಹೋರಾಡುತ್ತಿದ್ದ ಕಾಲ ಅದು. ಬೆಳೆಗಾರರ ಮನೆಗಳಲ್ಲಿ ಭಯ, ಹಾಡಿಗಳಲ್ಲಿ ಪೊಲೀಸರ ಓಡಾಟ. ಭೂಮಿ ಎಂದವರಿಗೆಲ್ಲ ನಕ್ಸಲೀಯರೆಂಬ ಹೆಸರು ಸುಲಭವಾಗಿ ಅಂಟುತ್ತಿತ್ತು. ಅಂಥ ಹೊತ್ತಿನಲ್ಲಿ ಬಿಂದು ತಮ್ಮ ಹಾಡಿಯಿಂದ ಭೂಮಿಗೆ ಅರ್ಜಿ ಹಾಕುವ ಕುಟುಂಬಗಳ ಪಟ್ಟಿಯನ್ನೇ ಪ್ರಾಜೆಕ್ಟ್ ಮಾಡುತ್ತೇನೆಂದಳು. ಹೆಸರು, ಗಂಡನ ಅಥವಾ ತಂದೆಯ ಹೆಸರು, ಮನೆಯ ಜನ, ಎಲ್ಲವನ್ನೂ ಹಾಡಿಯ ಹಿರಿಯರು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಟ್ಟಿದ್ದರು.

ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆದರು. "ನಾಳೆ ಯಾರಾದರೂ ಬಂದು ಕೇಳಿದರೆ ಉತ್ತರ ಕೊಡುವವರು ನೀವೇ."

ನನಗೂ ಅಳುಕಿತ್ತು. ಎರಡು ದಿನ ಯೋಚಿಸಿ, ಷರತ್ತು ಹಾಕಿದವಳು ನಾನೇ, ಈಗ ಹಿಂದೆ ಸರಿಯುವುದು ಹೇಗೆ ಎಂದುಕೊಂಡು ಒಪ್ಪಿದೆ.

ಬಿಂದು ನೋಟ್‌ಬುಕ್ ತಂದು, ಇಂಗ್ಲಿಷ್ ಅಕ್ಷರದಲ್ಲಿ ಅರವತ್ತಮೂರು ಕುಟುಂಬಗಳನ್ನು ಟೈಪ್ ಮಾಡಿ, ಪುಸ್ತಕವನ್ನು ಹಿಂದಿರುಗಿಸಿದಳು. ಅದಾದ ವಾರಕ್ಕೆ ಹೋರಾಟದ ಕೇಸಿನಲ್ಲಿ ಆ ಹಿರಿಯರ ಬಂಧನವಾಯಿತು. ಪುಸ್ತಕ ಅವರ ಚೀಲದಲ್ಲಿತ್ತು. ಆಮೇಲೆ ಅದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಹಾಡಿಗೆ ಉಳಿದದ್ದು ನಮ್ಮ ಲ್ಯಾಬಿನ ಕಡತವೊಂದೇ. ಅರ್ಜಿ ಕೊಡಲು ಸೋಮವಾರ ಕೊನೆಯ ದಿನ.

ಗುರುವಾರ ಮಧ್ಯಾಹ್ನ ಜೋಬಿ ಅಂತಿಮ ಪಟ್ಟಿಯನ್ನು ಪ್ರಿಂಟ್ ಮಾಡಿ ಹೆಮ್ಮೆಯಿಂದ ತಂದ. ಎರಡೆರಡು ಸಲ ಬಂದ ಸಾಲುಗಳನ್ನು ಅವನ ಪ್ರೋಗ್ರಾಂ ತೆಗೆದುಹಾಕಿತ್ತು. ಉಳಿದದ್ದು ಐವತ್ತೆರಡು. ಸಿ ಭಾಷೆಯಲ್ಲಿ ಬರೆದ ಆ ಪ್ರೋಗ್ರಾಂ ಬಹಳ ಅಚ್ಚುಕಟ್ಟಾಗಿತ್ತು. ನಾನು ಭೇಷ್ ಎಂದೆ. ಬಿಂದು ಕಾಗದವನ್ನು ತೆಗೆದುಕೊಂಡು ಬೆರಳಿಟ್ಟು ಮೇಲಿಂದ ಕೆಳಗೆ ಓದಿದಳು, ಮತ್ತೊಮ್ಮೆ ಓದಿದಳು.

"ಟೀಚರೇ, ಇದ್ರಲ್ಲಿ ನಮ್ಮ ದೊಡ್ಡಮ್ಮ ಕಾಳಿ ಇಲ್ಲ."

"ಇದೆಯಲ್ಲಮ್ಮ. ಕಾಳಿ, ಗಂಡ ಬೊಮ್ಮ."

"ಅದು ಹೊಳೆ ಕಡೆ ಕಾಳಿ. ನಮ್ಮ ದೊಡ್ಡಮ್ಮನೂ ಕಾಳಿ, ಅವಳ ಗಂಡನೂ ಬೊಮ್ಮ. ಇವ್ರು ಇಬ್ರು ಟೀಚರೇ, ಒಬ್ರಲ್ಲ."

ಆಮೇಲೆ ಅವಳು ಜೋಬಿಯ ಕಡೆ ತಿರುಗಿ ಮಲಯಾಳದಲ್ಲಿ ಕೇಳಿದಳು: "ಬೇಕೂಂತಲೇ ತೆಗೆದೆ, ಅಲ್ವಾ?"

ಲ್ಯಾಬಿನಲ್ಲಿ ಎಲ್ಲರ ಕೈ ನಿಂತಿತು. ಜೋಬಿಯ ಮುಖ ಬಿಳಿಚಿಕೊಂಡಿತು. ಎರಡು ಸಾಲುಗಳಲ್ಲಿ ಹೆಸರೂ ಗಂಡನ ಅಥವಾ ತಂದೆಯ ಹೆಸರೂ ಒಂದೇ ಆಗಿದ್ದರೆ ಒಂದು ಸಾಲನ್ನು ಅಳಿಸಿ ಎಂಬ ನಿಯಮವನ್ನು ಬೋರ್ಡಿನ ಮೇಲೆ ಬರೆದವಳು ನಾನು. ಹತ್ತಾರು ಮಂದಿ ನಾಲ್ಕೈದು ಹೆಸರುಗಳನ್ನೇ ಹಂಚಿಕೊಂಡು ಬದುಕುವ ಹಾಡಿಯ ವಿಷಯ ನನಗೆ ಹೊಳೆದಿರಲೇ ಇಲ್ಲ. ಎಲ್ಲರ ಮುಂದೆ ಹೇಳಿದೆ: "ನಿಯಮ ನನ್ನದು, ತಪ್ಪೂ ನನ್ನದು. ಅವನನ್ನು ಬೈಯಬೇಡ."

ಬಿಂದು ಕುರ್ಚಿ ಎಳೆದುಕೊಂಡು ಕುಳಿತು, "ಹಳೇದು ಸಿವಿಎಸ್‌ನಲ್ಲಿ ಇರ್ತದೆ" ಎನ್ನುತ್ತ ತಾನೇ ಆಜ್ಞೆ ಟೈಪ್ ಮಾಡಿದಳು. ಅಳಿಸುವ ಮುಂಚಿನ ಕಡತ ಪರದೆಯ ಮೇಲೆ ಬಂತು. ಅರವತ್ತಮೂರು ಸಾಲೂ ಇದ್ದವು. ನನ್ನ ಕಣ್ಣು ಒದ್ದೆಯಾದದ್ದನ್ನು ಯಾರೂ ನೋಡಲಿಲ್ಲವೆಂದುಕೊಂಡಿದ್ದೇನೆ.

ಆದರೆ ಅಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಕೆಲವು ಹೆಸರು ನಿಜಕ್ಕೂ ಎರಡು ಸಲ ಬರೆದಿರಬಹುದು. ಅಂಥದ್ದು ಸಿಕ್ಕಿದರೆ ಇಡೀ ಅರ್ಜಿಯನ್ನೇ ಸುಳ್ಳೆಂದು ತಳ್ಳಿಹಾಕುವರೆಂಬ ಹೆದರಿಕೆ ಹಾಡಿಯವರಿಗಿತ್ತು. ಕೇಳಿ ತಿಳಿಯದೆ ಬೇರೆ ದಾರಿಯಿರಲಿಲ್ಲ. ಶನಿವಾರ ನಾನೂ ಬಿಂದುವೂ ಹಾಡಿಗೆ ಹೊರಟು ನಿಂತಾಗ ಜೋಬಿ, "ನಾನೂ ಬರ್ತೀನಿ ಟೀಚರೇ" ಎಂದ. ಮನೆಯಲ್ಲಿ ಗೊತ್ತಾದರೆ ಗಲಾಟೆಯಾಗುತ್ತದೆಂದು ಅವನಿಗೆ ತಿಳಿದಿತ್ತು. ಬಿಂದು ಬೇಡವೆನ್ನಲಿಲ್ಲ.

ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆದೆವು. ಹಾಡಿಯ ಅಂಗಳದಲ್ಲಿ ಬಿಂದು ಒಂದೊಂದೇ ಹೆಸರು ಓದಿದಳು, ಹೆಸರಿನವರು ಮುಂದೆ ಬಂದು ನಿಂತರು, ಜೋಬಿ ಗುರುತು ಹಾಕಿಕೊಂಡ. "ಕಾಳಿ, ಬೊಮ್ಮ" ಎಂದಾಗ ಇಬ್ಬರು ಹೆಂಗಸರು ಒಟ್ಟಿಗೇ ಎದ್ದರು. ನಡೆದದ್ದನ್ನು ಬಿಂದುವಿನಿಂದ ಕೇಳಿದ ದೊಡ್ಡಮ್ಮ ಜೋಬಿಯನ್ನು ನೋಡಿ ನಕ್ಕಳು.

"ಹೆಸ್ರು ಒಂದೇ ಅಂತ ಇಬ್ರನ್ನೂ ಒಂದೇ ಎಲೆಗೆ ಕೂರಿಸ್ತೀಯಾ ಮಗಾ?"

ಬಿಂದು ಅದನ್ನು ಮಲಯಾಳದಲ್ಲಿ ಹೇಳಿದಳು. ಜೋಬಿ ತಲೆ ತಗ್ಗಿಸಿ, "ಇಲ್ಲ ಅಮ್ಮಾ" ಎಂದ. ಅವನ ಕೈಗೆ ಕಪ್ಪು ಚಹಾ ಬಂತು.

ಅಳಿಸಿಹೋಗಿದ್ದ ಹನ್ನೊಂದರಲ್ಲಿ ಒಂಬತ್ತು ನಿಜವಾದ ಕುಟುಂಬಗಳು. ಎರಡು ಮಾತ್ರ ತಪ್ಪಾಗಿ ಎರಡು ಸಲ ಬರೆದವು. ಭಾನುವಾರ ಲ್ಯಾಬ್ ತೆರೆಸಿದೆ. ಬಿಂದು ಪ್ರೋಗ್ರಾಂ ತಿದ್ದಿದಳು: ಇನ್ನು ಅದು ಏನನ್ನೂ ಅಳಿಸುವುದಿಲ್ಲ, ಅನುಮಾನದ ಸಾಲುಗಳನ್ನು ತೋರಿಸಿ "ಕೇಳಿ ನೋಡಿ" ಎನ್ನುತ್ತದೆ. ಸೋಮವಾರ ಅರವತ್ತೊಂದು ಕುಟುಂಬಗಳ ಪಟ್ಟಿ ಸರ್ಕಾರಿ ಕಚೇರಿಗೆ ಸಲ್ಲಿಕೆಯಾಯಿತು. ಬಾಹ್ಯ ಪರೀಕ್ಷಕರು ಆ ಪ್ರಾಜೆಕ್ಟಿಗೆ ಸಾಧಾರಣ ಅಂಕ ಕೊಟ್ಟರು. ಅದರಲ್ಲಿ ಹೊಸ ತಂತ್ರವೇನಿಲ್ಲ ಎಂದರು.

ಎಲ್ಲರಿಗೂ ಭೂಮಿ ಸಿಕ್ಕಿತೆಂದು ಹೇಳಲಾರೆ. ಕೆಲವರಿಗೆ ವರ್ಷಗಳ ಮೇಲೆ ಪಟ್ಟಾ ಬಂತು, ಕೆಲವರು ಇನ್ನೂ ಕಾಯುತ್ತಿದ್ದರು. ದೊಡ್ಡಮ್ಮನಿಗೆ ಬಂತು. ಬಿಂದು ಓದು ಮುಗಿಸಿ ನಮ್ಮ ಲ್ಯಾಬಿಗೇ ಬೋಧಕಿಯಾಗಿ ಸೇರಿದಳು. ನಾನು ವರ್ಗವಾಗಿ ಹೋದ ಮೇಲೆ ಆ ಕೋರ್ಸನ್ನು ನಡೆಸಿದವಳು ಅವಳೇ.

ಕೋರ್ಸ್ ರೂಪಿಸುವಾಗ, ಇಂಥ ಮಕ್ಕಳಿಗೂ ಈ ವಿದ್ಯೆ ಸಿಗಲಿ ಎಂದುಕೊಂಡಿದ್ದೆ. ಅದರಲ್ಲಿ ಸ್ವಲ್ಪ ಉಪಕಾರ ಮಾಡುವವಳ ಜಂಬವೂ ಇತ್ತು. ಕೆಲಸ ಕಲಿಸಿದ್ದು ಬೇರೆಯೇ: ಬಿಂದು ಆ ಲ್ಯಾಬಿನಲ್ಲಿ ಇರದಿದ್ದರೆ ಒಂಬತ್ತು ಮನೆಗಳನ್ನು ಅಳಿಸಿದ ಪ್ರೋಗ್ರಾಂಗೆ ನಾನು ಪೂರ್ಣ ಅಂಕ ಕೊಟ್ಟು, ಅಂದು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ.