ಕೊಟ್ಟಿಗೆಗೆ ಬಿದ್ದ ಒಂದನೇ ನಂಬರು

ಗೌಡರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ. ಅಣ್ಣಿಗೇರಿ ಹತ್ತಿರದ ನಮ್ಮೂರಲ್ಲಿ ಅವರ ವಾಡೆಯ ಹಿತ್ತಲಿಗೆ ಒಂದು ದನದ ಕೊಟ್ಟಿಗೆ. ಅರ್ಧದಲ್ಲಿ ಅವರ ಎತ್ತು, ಇನ್ನರ್ಧದಲ್ಲಿ ಅವ್ವ ಮತ್ತು ನಾನು. ಅವ್ವ ಅವರ ಹೊಲದಲ್ಲಿ ಹತ್ತಿ ಬಿಡಿಸಿಯೇ ಮುದುಕಿಯಾದಳು. ಹಿಂದೊಮ್ಮೆ ಜನಗಣತಿಯವರು ಬಂದಾಗ ಗೌಡರು, ಅಲ್ಲಿ ದನ ಬಿಟ್ಟರೆ ಯಾರೂ ಇಲ್ಲ ಎಂದು ಹೇಳಿ ಕಳಿಸಿದ್ದರು. ಒಳಗೆ ನೆಲ ಸಾರಿಸುತ್ತಿದ್ದ ಅವ್ವ ಅದನ್ನು ಕಿವಿಯಾರೆ ಕೇಳಿದ್ದಳು.

ಎಪ್ಪತ್ತರ ಸುಮಾರಿಗೆ ನಾನು ಅದೇ ಊರಿನ ಶಾಲೆಗೆ ಮಾಸ್ತರನಾದೆ. ಆದರೂ ನಮಗೆ ಒಂದು ಖೋಲಿ ಬಾಡಿಗೆಗೆ ಸಿಗಲಿಲ್ಲ; ಗೌಡರ ಆಳಿಗೆ ಮನೆ ಕೊಟ್ಟು ಅವರ ಕೆಂಗಣ್ಣಿಗೆ ಬೀಳುವವರು ಯಾರು? ಅಷ್ಟರಲ್ಲಿ ಮತ್ತೆ ಗಣತಿ ಬಂತು. ಮನೆಗಳಿಗೆ ನಂಬರು ಹಾಕುವ ಕೆಲಸ ನನಗೇ ಬಿತ್ತು. ಎಲ್ಲಿಂದ ಶುರು ಮಾಡಬೇಕೆಂಬುದು ನನ್ನ ಕೈಯಲ್ಲಿತ್ತು. ಡಾಂಬರಿನಲ್ಲಿ ಕುಂಚ ಅದ್ದಿ ಕೊಟ್ಟಿಗೆಯ ಬಾಗಿಲಿಗೆ ದಪ್ಪಗೆ ಒಂದು ಎಂದು ಬರೆದೆ. ಗಣತಿಯ ಪಟ್ಟಿಯಲ್ಲಿ ತುಂಬಿದೆ: ಗೋಡೆ ಮಣ್ಣಿನದು, ಕೋಣೆ ಒಂದು, ಮನೆಯ ಯಜಮಾನಿ ನಮ್ಮವ್ವ. ವಾಡೆಗೆ ಎರಡನೇ ನಂಬರು ಹಾಕಿದೆ. ಗೌಡರು ಕಟ್ಟೆಯ ಮೇಲೆ ಕೂತು ನೋಡಿದರು. ನನಗೆ ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು.

ಅವರು ಎರಡು ವರ್ಷ ಕಾದರು. ಮನೆ ಇಲ್ಲದವರಿಗೆ ಸರ್ಕಾರ ಜಾಗ ಹಂಚುವುದೆಂದಾಯಿತು. ಅವ್ವನ ಹೆಸರು ಕೊಟ್ಟೆ. ಪಂಚಾಯ್ತಿಯ ಚೇರ್ಮನ್ನರು ಗೌಡರೇ. ತುಂಬಿದ ಸಭೆಯಲ್ಲಿ ಅವರು ನನ್ನತ್ತ ನೋಡಿ ಹೇಳಿದರು:

“ಇದು ಮನಿ ಇಲ್ಲದವರಿಗೆ. ಮಾಸ್ತರನ ಅವ್ವಗ ಮನಿ ಐತಿ, ಒಂದನೇ ನಂಬರಿನ ಮನಿ. ಅಂವನ ಕೈಯಾರೆ ಬರದಾನ.”

ಮಾಡಿದ್ದುಣ್ಣೋ ಮಹರಾಯ ಎಂದು ಯಾರೋ ನಕ್ಕರು. ಗೌಡರ ಮಾತು ಹಾಗೆಯೇ ಪಂಚಾಯ್ತಿಯ ಠರಾವು ಪುಸ್ತಕದಲ್ಲಿ ದಾಖಲಾಯಿತು, ಕೆಳಗೆ ಅವರ ಸಹಿಯೂ ಬಿತ್ತು. ನಾನು ನೇರ ಮನೆಗೆ ಬಂದು, ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಆ ನಂಬರನ್ನು ಒರೆಸತೊಡಗಿದೆ. ಅವ್ವ ಕೈ ಹಿಡಿದಳು.

“ಅಳಸಬ್ಯಾಡ ಲೇ. ಹತ್ತು ಮಂದ್ಯಾಗ ಇದು ನಮ್ಮ ಮನಿ ಅಂದಾನ ಅಂವಾ. ಅದನ್ನ ಬರಸ್ಕೊಂಡ ಬಾ.”

ಮರುದಿನವೇ ಠರಾವಿನ ನಕಲು ತಂದು ಟ್ರಂಕಿನಲ್ಲಿಟ್ಟೆ.

ಮುಂದೆ, ಹೊಲದಲ್ಲಿ ದುಡಿಯುವ ಆಳುಗಳು ಒಡೆಯರ ಜಾಗದಲ್ಲಿ ವಾಸವಿದ್ದ ಮನೆ ಆ ಆಳುಗಳದೇ ಆಗಬೇಕೆಂಬ ಕಾನೂನು ಬಂತು. ನವಲಗುಂದದ ತಾಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ವಿಚಾರಣೆಯ ದಿನ ಗೌಡರು ಮತ್ತೆ ಹಳೇ ಹಾಡನ್ನೇ ಹಾಡಿದರು: ಅದು ದನದ ಕೊಟ್ಟಿಗೆ, ಅಲ್ಲಿ ಯಾರೂ ಇಲ್ಲ. ನಾನು ಠರಾವಿನ ನಕಲನ್ನು ತಹಶೀಲ್ದಾರ ಸಾಹೇಬರ ಮುಂದಿಟ್ಟೆ. ಈ ಮಾತು ಯಾರದು, ಸಹಿ ಯಾರದು ಎಂದು ಅವರು ಕೇಳಿದರು.

“ನಂದರೀ,” ಎಂದರು ಗೌಡರು. ಆ ಒಂದು ಮಾತನ್ನು ಇವತ್ತಿಗೂ ಮತ್ತೆ ಮತ್ತೆ ನೆನೆದು ಖುಷಿಪಡುತ್ತೇನೆ.

ಹಕ್ಕುಪತ್ರ ಬಂದ ಮುಂಜಾನೆ ಅವ್ವ ಗೌಡರನ್ನೇ ಕರೆಸಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಮುಂದೆ ತಲೆ ಎತ್ತಿ ನಿಂತಳು.

“ಗೌಡ್ರ, ನಿಮ್ಮ ಎತ್ತು ಬಿಚ್ಕೊಂಡ ಹೋಗ್ರಿ. ಇದು ಮಂದಿ ಇರೂ ಮನಿ.”