ಎಡಗಡೆ ಕುಶನ್ನಿನ ಬೆಳ್ಳುಳ್ಳಿ ವಾಸನೆ

ಮನುಷ್ಯರ ಕಿವಿಯಿಂದ ಏನೇನು ಹೊರಗೆ ಬರುತ್ತದೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಹದಿನಾಲ್ಕು ವರ್ಷದಿಂದ ರಾಯಚೂರಿನ ತೀನ್ ಕಂದೀಲ್ ಹತ್ತಿರ ಹೆಡ್‌ಸೆಟ್ ಮಾರುತ್ತ, ಕೆಟ್ಟದ್ದನ್ನು ರಿಪೇರಿ ಮಾಡುತ್ತ ಕೂತಿದ್ದೇನೆ. ಅಂಗಡಿಗೆ ಬರುವ ಹೆಡ್‌ಸೆಟ್ಟುಗಳಲ್ಲಿ ಹೊಲಸಿಲ್ಲದ್ದು ಒಂದೂ ಇಲ್ಲ. ಗುಗ್ಗೆ, ಬೆವರು, ತಲೆಗೆ ಹಚ್ಚಿದ ಎಣ್ಣೆ, ಒಮ್ಮೊಮ್ಮೆ ಹೇನು. ನಮ್ಮೂರಿನ ಬೇಸಿಗೆಗೆ ಕುಶನ್ನಿನ ಕರಿ ರೆಕ್ಸಿನ್ ಎರಡು ವರ್ಷ ತಾಳುವುದಿಲ್ಲ, ಸಿಪ್ಪೆ ಏಳುತ್ತದೆ. ಆ ಸಿಪ್ಪೆ ಬೆವರಿಗೆ ಅಂಟಿಕೊಂಡು, ಕಿವಿಯ ಸುತ್ತ ಕರಿ ಚೂರು ಮೆತ್ತಿಸಿಕೊಂಡೇ ಗಿರಾಕಿ ಬಂದು ಎದುರಿಗೆ ನಿಲ್ಲುತ್ತಾನೆ. ಅಂಥವನನ್ನು ನೋಡಿದ ದಿನ ನನಗೆ ಮಧ್ಯಾಹ್ನದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಅದಕ್ಕೇ ನಾನೊಂದು ನೇಮ ಮಾಡಿಕೊಂಡಿದ್ದೆ. ಗಿರಾಕಿಯ ಹೆಡ್‌ಸೆಟ್ಟನ್ನು ನನ್ನ ಕಿವಿಗೆ ಇಟ್ಟುಕೊಳ್ಳುವುದಿಲ್ಲ. ದೀಪ ಉರಿಯುತ್ತದೋ ನೋಡುತ್ತೇನೆ, ಚಾರ್ಜ್ ಹಿಡಿಯುತ್ತದೋ ನೋಡುತ್ತೇನೆ, ಬೇಕಾದರೆ ಬಿಚ್ಚಿ ವೈರು ಮುಟ್ಟುತ್ತೇನೆ. ಕಿವಿಗೆ ಮಾತ್ರ ಇಲ್ಲ. ಈ ನೇಮದಿಂದ ದುರ್ಗಾ ಎಂಬ ಹುಡುಗಿಯ ಎಡಗಿವಿಗೆ ಏನಾಯಿತು ಎಂಬುದನ್ನು ಹೇಳುತ್ತೇನೆ. ಆ ಕಿವಿ ಉಳಿಯುವುದೋ ಹೋಗುವುದೋ ಎನ್ನುವುದು ಹದಿನೈದು ದಿನದೊಳಗೆ ತೀರ್ಮಾನವಾಗುವುದಿತ್ತು. ಆ ಹದಿನೈದು ದಿನ ಅವಳು ಡಾಕ್ಟರ ಬಳಿ ಹೋಗದೆ ನನ್ನ ಬಳಿ ಬಂದಳು.

ದುರ್ಗಾಳಿಗೆ ಇಪ್ಪತ್ತಾರು ವರ್ಷ. ಮಾನ್ವಿಯ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ. ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ರಾಯಚೂರು ಬಿಟ್ಟು, ಸಂಜೆ ತಿರುಗಿ ಬರುತ್ತಾಳೆ. ತಾಯಿ ಗೋಪಮ್ಮ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಮಷೀನಿನ ಪಕ್ಕದಲ್ಲೇ ದುಡಿದವಳು. ಮಿಲ್ಲಿನ ಗದ್ದಲದಲ್ಲಿ ಕೂಗಿ ಕೂಗಿ ರೂಢಿಯಾಗಿ, ಮನೆಯಲ್ಲಿ ಉಪ್ಪು ಕೇಳಿದರೂ ಆಚೆ ಓಣಿಗೆ ಕೇಳುವ ದನಿ. ಮಗಳೂ ಹಾಗೇ ಮಾತಾಡುತ್ತಾಳೆ. ಮೊದಲ ಸಲ ಅಂಗಡಿಗೆ ಬಂದಾಗ ಜಗಳಕ್ಕೆ ಬಂದಿದ್ದಾಳೆಂದೇ ತಿಳಿದಿದ್ದೆ.

ಅವಳು ಬಂದದ್ದು ಗೇಮ್ ಆಡುವವರ ವೈರ್‌ಲೆಸ್ ಹೆಡ್‌ಸೆಟ್ ಕೇಳಿಕೊಂಡು. ನಾಲ್ಕು ಜನರ ತಂಡ ಒಂದು ದ್ವೀಪಕ್ಕಿಳಿದು ಬೇರೆ ತಂಡದವರನ್ನು ಗುಂಡಿಟ್ಟು ಹೊಡೆಯುವ ಫೋನಿನ ಆಟ. ನಾಯಕ ಅವಳ ಚಿಕ್ಕಮ್ಮನ ಮಗ ವಿನೋದ, ದೇವದುರ್ಗದಲ್ಲಿ ಟ್ಯೂಷನ್ ಹೇಳುವವನು, ಇನ್ನಿಬ್ಬರು ಮಾನ್ವಿಯವರು. ಆ ಆಟದಲ್ಲಿ ವೈರಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾನೆ. ಹೆಜ್ಜೆಯ ಸಪ್ಪಳ ಎಡಕ್ಕೆ ಕೇಳಿತೋ ಬಲಕ್ಕೆ ಕೇಳಿತೋ ಎಂದು ಹೇಳುವುದು ದುರ್ಗಾಳ ಕೆಲಸ. ಅವಳು ‘ಎಡಕ್ಕ, ಗ್ವಾಡಿ ಹಿಂದ, ಇಬ್ರು’ ಅಂದರೆ ಇಬ್ಬರೇ ಇರುತ್ತಿದ್ದರು. ಅವತ್ತು ಅವಳ ಜೊತೆ ಬಂದಿದ್ದ ವಿನೋದ ನನ್ನ ಎದುರಿಗೇ, ‘ನಮ್ಮ ಟೀಮಿನ ಕಿವಿ ಅಂದ್ರ ನಮ್ಮಕ್ಕ ನೋಡ್ರಿ’ ಅಂದಿದ್ದ. ನಾನು ಹಲ್ಲು ಕಿರಿದು ಡಬ್ಬಿ ಕಟ್ಟಿಕೊಟ್ಟೆ. ದೊಡ್ಡವರಾಗಿ ಈ ಆಟ ಏನು, ಸುಡುಗಾಡು ಎಂದು ಒಳಗೇ ಅಂದುಕೊಂಡಿದ್ದೆ.

ಎರಡು ವರ್ಷ ಆ ಹೆಡ್‌ಸೆಟ್ಟನ್ನು ಅವಳು ಚೆನ್ನಾಗಿಯೇ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಹಾಡು, ಮನೆಯಲ್ಲಿ ಆಟ. ಈ ವರ್ಷ ಮಾರ್ಚಿನಲ್ಲಿ ಒಂದು ಸೋಮವಾರ ಸಂಜೆ, ಮಾನ್ವಿ ಬಸ್ಸು ಇಳಿದವಳೇ ಬಂದು ಅದನ್ನು ಟೇಬಲ್ಲಿನ ಮೇಲಿಟ್ಟಳು.

‘ಅಣ್ಣಾರ, ನಿನ್ನಿ ಮುಂಜಾನಿಂದ ಎಡಗಡಿ ಕೇಳವಲ್ದು. ಒಂದ ಸವನ ಗುಂಯ್ ಅಂತದ.’

ನಾನು ಎತ್ತಿಕೊಂಡೆ. ಎತ್ತಿಕೊಂಡ ತಕ್ಷಣ ಮೂಗಿಗೆ ಬಡಿಯಿತು. ಎಡಗಡೆಯ ಕುಶನ್ ಜಿಡ್ಡು ಹಿಡಿದು ಒದ್ದೆಯಾಗಿತ್ತು, ಅದರಿಂದ ಸುಟ್ಟ ಬೆಳ್ಳುಳ್ಳಿಯ ವಾಸನೆ ಗಪ್ಪೆಂದು ಬರುತ್ತಿತ್ತು. ಎರಡೇ ಬೆರಳಲ್ಲಿ ಹಿಡಿದು ಕಾಗದದ ಮೇಲೆ ಇಟ್ಟೆ.

‘ಏನ್ರೀ ಇದು. ಇದಕ್ಕೂ ಒಗ್ಗರಣಿ ಹಾಕೀರೇನು?’

ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ದುರ್ಗಾಳ ಮುಖ ಸಣ್ಣದಾಯಿತು. ‘ಅಲ್ರೀ, ನಮ್ಮವ್ವ…’ ಎಂದು ಏನೋ ಹೇಳಹೊರಟಳು.

‘ನಿಮ್ಮವ್ವ ಅಡಗಿ ಮಾಡೋ ಜಾಗದಾಗ ಯಾಕ ಇಡ್ತೀರಿ ಇದನ್ನ’ ಎಂದು ನಾನು ಮಾತು ಕತ್ತರಿಸಿದೆ.

ರಾಯಚೂರಿನಲ್ಲಿ ಹುಟ್ಟಿದ ಯಾವ ಮಗುವಿಗಾದರೂ ಗೊತ್ತು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎಲ್ಲಿಗೆ ಬಿಡುತ್ತಾರೆ ಎಂದು. ನನ್ನ ತಾಯಿ ವೀರಭದ್ರಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಟ್ಟಿದ್ದಾಳೆ, ನಾನು ನನ್ನ ಮಕ್ಕಳಿಗೆ ಬಿಟ್ಟಿದ್ದೇನೆ. ಕಿವಿಗೆ ಏನಾದರೂ ಆದಾಗ ಬಿಡುವ ಎಣ್ಣೆ ಅದು. ಆ ವಾಸನೆ ಮೂಗಿನಲ್ಲಿ ಇಟ್ಟುಕೊಂಡೇ ನಾನು ಅವಳ ಕಿವಿಯ ಸುದ್ದಿ ಕೇಳಲಿಲ್ಲ. ನನಗೆ ಹೇಸಿಗೆ ಎಷ್ಟು ಬಂದಿತ್ತೆಂದರೆ ಬುದ್ಧಿಗೆ ಜಾಗವಿರಲಿಲ್ಲ.

ಹೆಡ್‌ಸೆಟ್ಟನ್ನು ಮೊಳ ದೂರ ಹಿಡಿದು ಆಲಿಸಿದೆ. ಹೊರಗೆ ಆಟೋಗಳ ಹಾರನ್, ಮೇಲೆ ಫ್ಯಾನಿನ ಗರಗರ. ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳುವ ಬದಲು ‘ಎಡಗಡಿ ಸ್ಪೀಕರ್ ಹೋಗೇದ್ರಿ’ ಅಂದೆ.

ಅವಳು ಎಡಗಿವಿ ಮುಟ್ಟಿಕೊಂಡು ಕೇಳಿದಳು. ‘ನನ್ನ ಕಿವೀದೇ ಏನರ ಇರಬಹುದೇನ್ರೀ?’

‘ಕಿವಿ ಎಲ್ಲಿ ಹೋಗ್ತದ್ರೀ ಇಪ್ಪತ್ತಾರು ವರ್ಷಕ್ಕ. ಈ ಮಾಲೇ ಹಿಂಗ. ಹಳೇದು ಕೊಟ್ಟು ಹೊಸಾ ಮಾಡೆಲ್ ಒಯ್ರಿ, ಮುಂದಿನ ತಿಂಗಳು ದೇವದುರ್ಗದಾಗ ನಿಮ್ಮ ಆಟದ ಟೂರ್ನಮೆಂಟ್ ಅದಲ್ಲ, ಅದಕ್ಕ ಛಲೋ ಆಗ್ತದ.’

ಒಯ್ದಳು. ಇನ್ನೊಂದು ಮಾತು ಹೇಳದಿದ್ದರೆ ಇದು ಅರ್ಧ ಸತ್ಯವಾಗುತ್ತದೆ. ಅದೇ ವಾರ ರೈಸ್ ಮಿಲ್ಲಿನ ಮಲ್ಲಯ್ಯನವರ ಮಗನ ಹೆಡ್‌ಸೆಟ್ ಬಂದಿತ್ತು. ಅದಕ್ಕೂ ಎಣ್ಣೆ ಮೆತ್ತಿತ್ತು. ನಾನು ಅದನ್ನು ಒರೆಸಿ ಕಿವಿಗೆ ಇಟ್ಟುಕೊಂಡು ನೋಡಿದ್ದೆ. ನೇಮ ಅವತ್ತು ನೆನಪಾಗಿರಲಿಲ್ಲ. ದುರ್ಗಾಳ ಮನೆ ಯಾರ ಓಣಿಯಲ್ಲಿದೆ ಎಂಬುದು ನನಗೆ ಗೊತ್ತಿತ್ತು.

ಎರಡು ದಿನ ಬಿಟ್ಟು, ಅವಳು ಕೊಟ್ಟುಹೋದ ಹಳೆಯದರ ಎರಡೂ ಕುಶನ್ ಕಿತ್ತೆಸೆದು, ಹೊಸವು ಹಾಕಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಹೊಸದರಂತಾಯಿತು. ಎಡಗಡೆಯ ಸ್ಪೀಕರ್ ಬದಲಿಸುವ ಮೊದಲು ಒಮ್ಮೆ ಧೈರ್ಯ ಮಾಡಿ ಕಿವಿಗಿಟ್ಟುಕೊಂಡೆ. ಎರಡೂ ಕಡೆ ಸ್ಪಷ್ಟವಾಗಿ ಕೇಳಿಸಿತು. ಎಡಗಡೆ ಏನೂ ಹೋಗಿರಲಿಲ್ಲ. ಆಗಲೇ ಫೋನ್ ಮಾಡಿ ‘ನಿಮ್ಮ ಹೆಡ್‌ಸೆಟ್ ಸರಿ ಅದ, ಕಿವಿ ತೋರಸ್ರಿ’ ಅನ್ನಬಹುದಿತ್ತು. ಅವಳ ನಂಬರು ರಸೀದಿಯಲ್ಲಿತ್ತು. ಪುಕ್ಕಟೆ ಒಂದು ಒಳ್ಳೇ ಪೀಸು ಸಿಕ್ಕಿತು ಎಂದು ನಾನು ಅದನ್ನು ಸಂಜೆಯೊಳಗೆ ಮತ್ತೊಬ್ಬನಿಗೆ ಮಾರಿಬಿಟ್ಟೆ.

ಎಡಗಡೆ ಕೇಳದಂತಾದ ಆರನೆಯ ದಿನ ಅವಳು ಹೊಸದನ್ನು ಹಿಡಿದುಕೊಂಡು ಬಂದಳು. ಇದರದ್ದೂ ಎಡಗಡೆ ಕೇಳುತ್ತಿಲ್ಲ. ಈ ಸಲ ನನಗೆ ಹೆದರಿಕೆಯಾಯಿತು, ಕಿವಿಯ ಬಗ್ಗೆ ಅಲ್ಲ, ಹಳೆಯದರ ಸುದ್ದಿ ಹೊರಬೀಳುತ್ತದೇನೋ ಎಂದು. ಅವಳ ಫೋನು ಇಸಕೊಂಡು, ಸೆಟ್ಟಿಂಗಿನಲ್ಲಿ ಸಪ್ಪಳವನ್ನು ಮುಕ್ಕಾಲು ಪಾಲು ಎಡಗಡೆಗೆ ಜರುಗಿಸಿದೆ. ‘ಈಗ ಸ್ವಲ್ಪ ಬರಾಕತ್ತೇದ್ರಿ’ ಎಂದು ನನ್ನ ಮನಸ್ಸಿಗೆ ಸಮಾಧಾನವಾಗುವ ಹಾಗೆ ಹೇಳಿ ಹೋದಳು.

ಹದಿಮೂರನೆಯ ದಿನ ಮತ್ತೆ ಬಂದಳು. ಕುಶನ್ ತುಂಬ ಮತ್ತೆ ಅದೇ ಎಣ್ಣೆ, ಅದೇ ವಾಸನೆ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮಾಡೆಲ್ ತೆಗೆದುಕೊಟ್ಟು, ನಮ್ಮ ದಂಧೆಯವರು ಗಿರಾಕಿಯನ್ನು ಸಾಗಹಾಕಲು ಹೇಳುವ ಸುಳ್ಳು ಹೇಳಿದೆ. ‘ದೊಡ್ಡ ಸೆಟ್ ಅದ್ರಿ, ಪಳಗಬೇಕು. ಒಂದು ತಿಂಗಳು ಹಾಕ್ಕೊಂಡು ಆಡ್ರಿ. ತಾನಾ ಬಿಚ್ಚಿಕೊಳ್ತದ ಸಪ್ಪಳ.’ ಹಾಡು ಹಾಕಿಟ್ಟರೆ ಬೇಗ ಪಳಗುತ್ತದೆ ಎಂದೂ ಸೇರಿಸಿದೆ. ಅವಳು ನಂಬಿದಳು. ಕಚೇರಿಯಲ್ಲಿ ಊಟದ ಹೊತ್ತಿಗೆ ಅದನ್ನು ಮೇಜಿನ ಮೇಲಿಟ್ಟು ಹಾಡು ಹಾಕಿಡುತ್ತಿದ್ದಳಂತೆ. ಕಿವಿ ಪೂರ್ತಿ ಹೋಗಿದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೋಪಮ್ಮನ ಮಾತು ಒಂದೇ ಕಿವಿಗೆ ಬೇಕಾದಷ್ಟಾಗುತ್ತಿತ್ತು.

ಏಪ್ರಿಲ್ ಕೊನೆಯ ಭಾನುವಾರ ದೇವದುರ್ಗದ ಒಂದು ಫಂಕ್ಷನ್ ಹಾಲಿನಲ್ಲಿ ಟೂರ್ನಮೆಂಟ್. ನಾನೂ ಬಾಗಿಲ ಹತ್ತಿರ ಮೇಜು ಹಾಕಿ ಮಾಲು ಹರವಿಕೊಂಡು ಕೂತಿದ್ದೆ. ಒಳಗೆ ಧಗೆ, ಕೂಲರ್ ಒಂದೂ ನಡೆಯುತ್ತಿರಲಿಲ್ಲ, ಹುಡುಗರ ಬೆವರಿನ ನಾತ. ದುರ್ಗಾಳ ತಂಡ ಎರಡು ಸುತ್ತು ಹೇಗೋ ದಾಟಿತು. ಮೂರನೆಯದರಲ್ಲಿ ಅವಳು ‘ಬಲಕ್ಕ, ಬಲಕ್ಕ ಬಂದ್ರು’ ಎಂದು ಕೂಗಿದಳು. ನಾಲ್ವರೂ ಬಲಕ್ಕೆ ತಿರುಗಿದರು. ಬಂದವರು ಎಡದಿಂದ ಬಂದರು. ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಮಾನ್ವಿಯವನೊಬ್ಬ ಫೋನು ಕುಕ್ಕಿ ಎದ್ದು ಹೋದ. ವಿನೋದ ಮಾತ್ರ ಬೈಯಲಿಲ್ಲ. ‘ಅಕ್ಕಾ, ಕೊಡಿಲ್ಲಿ’ ಎಂದು ಅವಳ ತಲೆಯಿಂದ ಹೆಡ್‌ಸೆಟ್ ತೆಗೆದು, ಬೆವರು ಎಣ್ಣೆ ಏನೂ ನೋಡದೆ ತನ್ನ ಕಿವಿಗೆ ಇಟ್ಟುಕೊಂಡ.

‘ಎರಡೂ ಕಡಿ ಬರಾಕತ್ತೇದಲ್ಲ. ಎಡಗಡೀದಾ ಜೋರದ.’

ಆಮೇಲೆ ಅದನ್ನು ತಿರುವುಮುರುವು ಮಾಡಿ, ಎಡದ್ದು ಬಲಕ್ಕೆ ಬರುವ ಹಾಗೆ ಅವಳಿಗೆ ಹಾಕಿದ. ‘ಈಗ?’

‘ಬಲಗಡಿ ಜೋರು ಬರಾಕತ್ತೇದ’ ಅಂದಳು. ಎಡಗಡೆಯ ಕುಶನ್ ಒತ್ತಿ ನೋಡಿ, ‘ಎಡಗಡಿ ಈಗೂ ಇಲ್ಲ’ ಅಂದಳು.

ನಾನು ಮೂರು ಮಾರು ದೂರದಲ್ಲಿ ಕೂತಿದ್ದೆ. ಎಂಟನೆಯ ಕ್ಲಾಸಿನ ಹುಡುಗರಿಗೆ ಲೆಕ್ಕ ಹೇಳುವವನು ಅರ್ಧ ನಿಮಿಷದಲ್ಲಿ ಮಾಡಿದ್ದನ್ನು ಹದಿನಾಲ್ಕು ವರ್ಷದ ಅನುಭವದ ನಾನು ಮೂರು ಸಲದಲ್ಲಿ ಮಾಡಿರಲಿಲ್ಲ. ದುರ್ಗಾ ನನ್ನ ಕಡೆ ನೋಡಿದಳು. ನಾನು ಮಾಲು ಜೋಡಿಸುವವನ ಹಾಗೆ ತಲೆ ಬಗ್ಗಿಸಿದೆ.

ಮರುದಿನ ದುರ್ಗಾ, ಗೋಪಮ್ಮ ರಾಯಚೂರಿನಲ್ಲಿ ಕಿವಿ ಡಾಕ್ಟರ ಬಳಿ ಹೋದರು. ನಾನೂ ಹೋದೆ, ಯಾಕೆ ಹೋದೆನೋ, ಮನೆಯಲ್ಲಿ ಕೂರಲು ಆಗಲಿಲ್ಲ. ದುರ್ಗಾಳನ್ನು ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ ಟೆಸ್ಟ್ ಮಾಡಿದರು. ಅಲ್ಲಿಯೂ ತಲೆಗೆ ಹಾಕಿದ್ದು ಹೆಡ್‌ಸೆಟ್ಟೇ. ಡಾಕ್ಟರು ವಯಸ್ಸಾದ ಹೆಂಗಸು, ಮೆತ್ತಗೆ ಮಾತಾಡುವವರು. ನೆಗಡಿ ಜ್ವರದ ಹಿಂದೆ ಕಿವಿಯ ಒಳಗಿನ ನರ ಒಮ್ಮೆಲೇ ಕೈಕೊಡುವುದುಂಟು ಎಂದರು.

‘ಯಾವಾಗಿಂದ ಹಿಂಗಾಗೇದ?’

‘ಆರು ವಾರ ಆತ್ರಿ’ ಅಂದಳು ದುರ್ಗಾ.

‘ಮೊದಲ ಎರಡು ವಾರದಾಗ ಬಂದಿದ್ರ ಗುಳಿಗಿ, ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತವ್ವ. ಭಾಳ ಮಂದೀಗೆ ತಿರುಗಿ ಬರ್ತದ. ಈಗ ನಾ ಏನೂ ಹೇಳಾಕ ಬರೂದಿಲ್ಲ. ಇಷ್ಟು ದಿನ ಯಾಕ ಸುಮ್ಮನ ಕುಂತ್ರಿ?’

ಗೋಪಮ್ಮನಿಗೆ ಡಾಕ್ಟರ ಮೆತ್ತನೆಯ ಮಾತು ಪೂರ್ತಿ ಕೇಳಿಸಿರಲಿಲ್ಲ. ಕೋಣೆಗೆಲ್ಲ ಕೇಳುವ ಹಾಗೆ ಅವಳು ಹೇಳಿದಳು. ‘ಸುಮ್ಮನ ಕುಂತಿಲ್ಲ ಬೇ ಯವ್ವಾ. ದಿನಾ ರಾತ್ರಿ ನಾ ಎಣ್ಣಿ ಬಿಟ್ಟೀನಿ. ಆಕಿ ಮೂರು ಸಲ ಅಂಗಡಿಗೆ ಹೋಗ್ಯಾಳ.’ ಆಮೇಲೆ ನನ್ನನ್ನು ತೋರಿಸಿ, ‘ಇವ್ರಾ ಭಾಳ ಛಲೋ ಮಾಡಿ ನೋಡ್ಯಾರ’ ಅಂದಳು.

ನನಗೆ ನನ್ನ ಮೈಯೇ ನಾರುತ್ತಿರುವಂತಾಯಿತು. ಎರಡನೆಯ ದಿನ, ಆರನೆಯ ದಿನ, ಹದಿಮೂರನೆಯ ದಿನ. ಮೂರೂ ಸಲ ಅವಳು ಆ ಎರಡು ವಾರದೊಳಗೇ ಬಂದಿದ್ದಳು.

ಡಾಕ್ಟರು ಕೊಟ್ಟ ಗುಳಿಗೆ ಮುಗಿದವು, ಕಿವಿ ಬರಲಿಲ್ಲ. ಮೇ ತಿಂಗಳ ಒಂದು ಸಂಜೆ, ಮಾನ್ವಿ ಬಸ್ಸಿನ ಹೊತ್ತಿಗೆ, ದುರ್ಗಾ ಅಂಗಡಿಗೆ ಬಂದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ನಾನೇ ‘ತಂಗೀ, ಆ ಹಳೇ ಹೆಡ್‌ಸೆಟ್…’ ಎಂದು ಶುರು ಮಾಡಿದೆ. ಸ್ಪೀಕರ್ ಸರಿಯಿತ್ತು, ನನಗೆ ಗೊತ್ತಾಗಿತ್ತು, ಮಾರಿಬಿಟ್ಟೆ ಎಂದು ಎಲ್ಲ ಹೇಳಿದೆ. ನನ್ನ ಬಾಯಿಯ ಕಡೆ ನೋಡುತ್ತ, ಬಲಗಿವಿ ಮುಂದೆ ಮಾಡಿಕೊಂಡು ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಚೀಲದಿಂದ ದೊಡ್ಡ ಹೆಡ್‌ಸೆಟ್ ತೆಗೆದಳು.

‘ಎರಡೂ ಕಡೀ ಸಪ್ಪಳ ಕೂಡಿ ಬಲಗಡಿ ಬರೂಹಂಗ ಮಾಡಾಕ ಬರ್ತದಂತ. ವಿನೋದ ಹೇಳ್ದ. ಮಾಡಿಕೊಡ್ರಿ.’

ಬರುತ್ತದೆ, ಫೋನಿನಲ್ಲೇ ಇದೆ. ಮಾಡಿದ ಮೇಲೆ ಸರಿಯಾಯಿತೋ ಇಲ್ಲವೋ ಎಂದು ಕಿವಿಗೆ ಇಟ್ಟುಕೊಂಡೇ ನೋಡಬೇಕು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಚೀಲದಿಂದ ಒಗೆದು ಮಡಿಸಿಟ್ಟ ಕರವಸ್ತ್ರ ತೆಗೆದಳು. ಎಡಗಡೆಯ ಕುಶನ್ ಒರೆಸಿದಳು, ಮೂಗಿನ ಹತ್ತಿರ ಹಿಡಿದು ನೋಡಿದಳು, ಮತ್ತೊಮ್ಮೆ ಒರೆಸಿದಳು. ಆಮೇಲೆ ನನಗೆ ಕೊಟ್ಟಳು.

‘ತೊಗೊಳ್ರಿ, ಈಗ ವಾಸನಿ ಇಲ್ಲ. ಎಣ್ಣಿ ಬಿಡೂದು ನಿಲ್ಲಿಸೀವಿ’ ಅಂದಳು.