ಪೋಸ್ಟರಿನಲ್ಲಿದ್ದ ಕನೀಜ್

ಮಗ ರೆಹಾನ್‌ನ ಗೊರಕೆ, ಸೊಸೆಯ ಬಿರಿಯಾನಿಗೆ ಉಪ್ಪು ಹೆಚ್ಚಾದದ್ದು, ತಮ್ಮ ಮಂಡಿನೋವು, ಹೀಗೆ ಎಲ್ಲವನ್ನೂ ಕನೀಜ್ ಬೆಳಗಿನ ವಾಕಿಂಗ್‌ನಲ್ಲಿ ಪಕ್ಕದ ಮನೆಯ ರಾಜಿಗೆ ಹೇಳಿ ಹಗುರಾಗುತ್ತಿದ್ದರು. ನ್ಯೂಜೆರ್ಸಿಯ ಹಿಲ್ಸ್‌ಬರೋಗೆ ಬಂದ ಮೇಲೆ ಅವರಿಗೆ ಬಾಯ್ತುಂಬ ಕನ್ನಡ ಮಾತಾಡಲು ಸಿಕ್ಕವರೆಂದರೆ ರಾಜಿ ಒಬ್ಬರೇ. ಆದರೂ ಒಂದು ಸಂಗತಿಯನ್ನು ಮಾತ್ರ ರಾಜಿಗಿರಲಿ, ಗಂಡ ಅಕ್ರಂಗೂ ಹೇಳಿರಲಿಲ್ಲ. ಅಕ್ರಂಗೆ ಹೇಳಿದರೆ ತಮ್ಮೂರು ಮೈಸೂರಿನ ಮಂಡಿ ಮೊಹಲ್ಲಾಕ್ಕೆಲ್ಲ ಹೇಳಿದಂತೆಯೇ.

ಮದುವೆಯಾದ ಹೊಸದರಲ್ಲೇ ಕನೀಜ್ ಗಂಡನ ಜೊತೆ ಕೊಲ್ಲಿಯ ಒಂದು ಎಣ್ಣೆ ದೇಶಕ್ಕೆ ಹೋಗಿದ್ದರು. ಅಕ್ರಂ ಎಣ್ಣೆ ಕಂಪನಿಯಲ್ಲಿ ಪಂಪ್ ಮೆಕ್ಯಾನಿಕ್. ಮಗ ದೊಡ್ಡವನಾಗಿ ಅಮೆರಿಕ ಸೇರಿ, ಸಂಸಾರ ನೆಮ್ಮದಿಯಾಗಿ ಸಾಗುತ್ತಿದ್ದಾಗ, ಎಣ್ಣೆಯೊಂದನ್ನೇ ನೆಚ್ಚಿಕೊಂಡರೆ ಮುಂದೆ ಕಷ್ಟ ಎಂದು ಅಲ್ಲಿನ ಸರ್ಕಾರಕ್ಕೆ ಅನ್ನಿಸಿತು. ಹೋಟೆಲು, ಮ್ಯೂಸಿಯಂಗಳು ಎದ್ದವು. ಪ್ರವಾಸಿಗರಿಗೆ ಹಳೆಯ ಕಾಲ ತೋರಿಸಬೇಕೆಂದು ಕಡಲ ದಂಡೆಯಲ್ಲಿ ಹೊಚ್ಚಹೊಸದಾಗಿ ಒಂದು ಹಳೆಯ ಹಳ್ಳಿಯನ್ನೂ ಕಟ್ಟಿದರು. ಅಕ್ರಂನ ವರ್ಕ್‌ಶಾಪ್ ಮುಚ್ಚಿತು. ಕನೀಜ್‌ಗೆ ಆ ಹಳ್ಳಿಯಲ್ಲಿ ಉಡುಪುಗಳ ಉಸ್ತುವಾರಿ ಸಿಕ್ಕಿತು. ಅವರು ಬೆಳಗ್ಗೆ ಕೆಲಸಕ್ಕೆ ಹೊರಟರೆ ಅಕ್ರಂ ಮನೆಯಲ್ಲಿ ಅನ್ನ ತಳ ಹಿಡಿಸುತ್ತಿದ್ದ.

ಆ ಹಳ್ಳಿಯಲ್ಲಿ ಉಮ್ ಸಾಲಿಮ್ ಎಂಬ ಮುದುಕಿ ಮಗ್ಗದ ಮುಂದೆ ಕೂತು ಒಂಟೆಗೆ ಕಟ್ಟುವ ಉಣ್ಣೆಯ ಪಟ್ಟಿ ನೇಯುತ್ತಿದ್ದಳು. ಜಾಹೀರಾತಿಗೆ ಫೋಟೋ ತೆಗೆಯುವವರು ಬಂದ ದಿನ, “ನನ್ನ ಮುಖ ಒಂಟೆಗಳು ನೋಡಿದರೆ ಸಾಕು” ಎಂದು ಎದ್ದು ನಡೆದುಬಿಟ್ಟಳು. ಕಂಗಾಲಾದ ಮ್ಯಾನೇಜರ್, ಗುಂಡಿ ಹೊಲಿಯುತ್ತ ಕೂತಿದ್ದ ಕನೀಜ್‌ಗೆ ಅಲ್ಲಿನ ಹೆಂಗಸರ ಚಿನ್ನದ ಬಣ್ಣದ ಮುಖವಾಡ ಕಟ್ಟಿಸಿ ಮಗ್ಗದ ಮುಂದೆ ಕೂರಿಸಿದ. ಫೋಟೋದಲ್ಲಿ ಕಂಡದ್ದು ಕಣ್ಣು, ಹುಬ್ಬು, ಕೈ ಅಷ್ಟೇ. ಸ್ವಲ್ಪ ದಿನಕ್ಕೆ ರೆಹಾನ್ ಅಪ್ಪ ಅಮ್ಮನನ್ನು ನ್ಯೂಜೆರ್ಸಿಗೆ ಕರೆಸಿಕೊಂಡ. ಆ ಫೋಟೋ ಏನಾಯಿತೆಂದು ಕನೀಜ್ ವಿಚಾರಿಸಲೂ ಹೋಗಲಿಲ್ಲ.

ಈ ವರ್ಷ ಜನವರಿಯಲ್ಲಿ ಮ್ಯಾನ್‌ಹಟನ್‌ನಲ್ಲಿ ದೊಡ್ಡ ಪ್ರವಾಸ ಮೇಳ ನಡೆಯಿತು. ಅಲ್ಲಿ ದೇಶಕ್ಕೊಂದು ಬಟ್ಟೆ ಚೀಲ ಪುಕ್ಕಟೆ ಕೊಡುತ್ತಾರೆಂದು ಕೇಳಿದ್ದ ರಾಜಿ, ಕನೀಜ್‌ರನ್ನೂ ರೈಲು ಹತ್ತಿಸಿದರು. ಪೆರು, ಪೋರ್ಚುಗಲ್ ಚೀಲಗಳನ್ನು ಹೆಗಲಿಗೇರಿಸಿಕೊಂಡು ರಾಜಿ ಮುಂದೆ ಮುಂದೆ ಹೋಗುತ್ತಿದ್ದವರು ಆ ಎಣ್ಣೆ ದೇಶದ ಮಳಿಗೆಯೆದುರು ಗಕ್ಕನೆ ನಿಂತರು. ಅಲ್ಲಿ ಮಗ್ಗದ ಮುಂದೆ ಕೂತ ಮುಖವಾಡದ ಹೆಂಗಸಿನ ಗೋಡೆಯೆತ್ತರದ ಪೋಸ್ಟರ್, ಅದರ ಕೆಳಗೆ ‘ಮರುಭೂಮಿಯ ಅಜ್ಜಿ’ ಎಂಬ ಇಂಗ್ಲಿಷ್ ಬರಹ.

“ಕನೀಜ್, ಬನ್ರೀ ಇಲ್ಲಿ! ಈ ಅರಬ್ ಅಜ್ಜಿ ಕೈಲಿ ಹಸಿರು ಗಾಜಿನ ಬಳೆ! ಸೇಮ್ ನಮ್ಮ ದೇವರಾಜ ಮಾರ್ಕೆಟ್ ಬಳೆ ಕಣ್ರೀ!”

“ರಾಜಿ, ಮೆಲ್ಲಗೆ.”

“ಹುಬ್ಬಿನ ಮೇಲೆ ಗಾಯದ ಗುರುತು ಬೇರೆ. ನಿಮಗಿರೋ ಹಾಗೇ...” ರಾಜಿ ತಿರುಗಿ ಕನೀಜ್ ಮುಖ ನೋಡಿದರು. ಮತ್ತೆ ಪೋಸ್ಟರ್ ನೋಡಿದರು.

“ಅದು ನಾನೇ ರೀ,” ಎಂದರು ಕನೀಜ್, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ.

ರಾಜಿಗೆ ಗುಟ್ಟು ಗೊತ್ತಾದರೆ ತಡೆಯಲಾಗುವುದಿಲ್ಲ. “ಓ ಮೈ ಗಾಡ್, ದಿಸ್ ಈಸ್ ಹರ್!” ಎಂದು ಕೂಗಿಯೇಬಿಟ್ಟರು. ಸುತ್ತಲಿದ್ದ ಅಮೆರಿಕನ್ನರು ಫೋನೆತ್ತಿಕೊಂಡು ಬಂದರು. ಮಳಿಗೆಯಲ್ಲಿ ನೋಟಕ್ಕೆಂದು ಒಂದು ಪುಟ್ಟ ಮಗ್ಗ ಇಟ್ಟಿದ್ದರು. ನೇಯುವವರು ಯಾರೂ ಬಂದಿರಲಿಲ್ಲ. ಜನ ಕನೀಜ್‌ರನ್ನು ಅದರ ಮುಂದೆ ಕೂರಿಸಿದರು.

ಕನೀಜ್‌ಗೆ ನೇಯಲು ಬಾರದು. ಫೋಟೋದ ದಿನ ಅವರು ದಾರ ಹಿಡಿದು ಸುಮ್ಮನೆ ಕೂತಿದ್ದರು, ಅಷ್ಟೇ. ಮಗ್ಗದ ಪಕ್ಕದ ಬುಟ್ಟಿಯಲ್ಲಿ ಕೆಂಪು ಬಿಳಿ ಉಣ್ಣೆಯ ತುಂಡುಗಳಿದ್ದವು. ಬೇರೇನೂ ತೋಚದೆ, ಚಿಕ್ಕಂದಿನಲ್ಲಿ ಪಕ್ಕದ ಮನೆಯವರ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಂತೆ, ದಾರಕ್ಕೆ ಜೋಡಿಸಿ ಜೋಡಿಸಿ ಗಂಟು ಹಾಕತೊಡಗಿದರು. ನೋಡನೋಡುತ್ತ ಮೊಳದುದ್ದದ ಉಣ್ಣೆಯ ಮಾಲೆಯಾಯಿತು. ಒಬ್ಬಾಕೆ ಕೊರಳಿಗೆ ಹಾಕಿಕೊಂಡಳು. ಹಿಂದೆಯೇ ಸಾಲು ಬೆಳೆಯಿತು. ರಾಜಿಯೂ ಚೀಲ ಕೆಳಗಿಟ್ಟು ಕಟ್ಟಲು ಕೂತರು.

ಅಷ್ಟರಲ್ಲಿ ಮಳಿಗೆಯ ಮುಖ್ಯಸ್ಥೆ ಲತೀಫಾ ಕಾಫಿ ಲೋಟ ಹಿಡಿದು ಓಡಿ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ. ಕನೀಜ್ ತಮಗೆ ಗೊತ್ತಿದ್ದ ಅರಬಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಆಮೇಲೆ ಎದ್ದುನಿಂತು ಜನರಿಗೂ, “ಸಾರಿ, ದಿಸ್ ಈಸ್ ಮೈಸೂರ್ ವರ್ಕ್. ನಾಟ್ ದೇರ್ಸ್,” ಎಂದರು. ಜನಕ್ಕೆ ಅದೇನೂ ದೊಡ್ಡದೆನಿಸಲಿಲ್ಲ; ಇನ್ನೊಂದು ಮಾಲೆ ಬೇಕೆಂದರು.

ಲತೀಫಾ ಬೈಯುತ್ತಾಳೆಂದು ಕನೀಜ್ ಕಾದರು. ಅವಳು ಪಕ್ಕದಲ್ಲಿ ಕುಸಿದು ಕೂತು ನಗತೊಡಗಿದಳು.

“ಖಾಲಾ, ನಾನು ಓದಿದ್ದು ಪೆಟ್ರೋಲಿಯಂ ಇಂಜಿನಿಯರಿಂಗ್. ಕೆಲಸಕ್ಕೆ ಸೇರೋ ಹೊತ್ತಿಗೆ, ಎಣ್ಣೆ ಸಾಕು, ಪರಂಪರೆ ನೋಡಿಕೋ ಅಂದರು. ನಂಗೂ ನೇಯೋಕೆ ಬರಲ್ಲ. ನಮ್ಮಜ್ಜಿ ನೇಯುವಾಗ ನಾನು ಕೆಮಿಸ್ಟ್ರಿ ಓದ್ತಾ ಇದ್ದೆ.”

ಕನೀಜ್‌ಗೆ ಆ ಹುಡುಗಿಯನ್ನು ನೋಡಿ ಅಯ್ಯೋ ಅನ್ನಿಸಿತು. “ಪೋಸ್ಟರ್ ಕೆಳಗೆ ಉಮ್ ಸಾಲಿಮ್ ಹೆಸರು ಹಾಕಿಸಮ್ಮ. ಫೋಟೋದಲ್ಲಿ ಮಗ್ಗದ ಮೇಲಿರೋ ಪಟ್ಟಿ ಅವಳದು. ಕಣ್ಣು ನಂದಾದ್ರೆ ಏನಂತೆ?” ಎಂದರು. ಲತೀಫಾ ಅಲ್ಲೇ ಕಾಗದದಲ್ಲಿ ಹೆಸರು ಬರೆದು ಪೋಸ್ಟರಿಗೆ ಅಂಟಿಸಿದಳು. ಕನೀಜ್‌ರ ನಂಬರನ್ನೂ ತೆಗೆದುಕೊಂಡಳು.

ಫೆಬ್ರವರಿಯಲ್ಲಿ ವಾಟ್ಸಾಪ್‌ಗೆ ಲತೀಫಾ ಕಳಿಸಿದ ಒಂದು ಧ್ವನಿ ಸಂದೇಶ ಬಂತು. ಉಮ್ ಸಾಲಿಮ್‌ಳ ಗೊಗ್ಗರು ದನಿ. ಹಿಮ ಬಿದ್ದ ಕಾಲುದಾರಿಯಲ್ಲಿ ನಿಂತೇ ಕನೀಜ್ ಕೇಳಿಸಿಕೊಂಡರು.

“ಏನಂತ್ರೀ?” ರಾಜಿಗೆ ತಡೆಯಲಾಗಲಿಲ್ಲ.

“ಬೈತಾ ಇದ್ದಾಳೆ. ಕತ್ತೆ ಹಗ್ಗ ಹಿಡಿದಂಗೆ ದಾರ ಹಿಡಿದಿದೀಯ, ಲೋಕಕ್ಕೆಲ್ಲ ನನ್ನ ಮಾನ ಕಳೆದೆ ಅಂತಾಳೆ. ನೆಟ್ಟಗೆ ಬಂದು ಕಲಿತ್ಕೊಂಡು ಹೋಗು ಅಂತಾಳೆ.”

“ಹೋಗ್ತೀರಾ?”

“ಹೋಗದೆ? ರಂಜಾನ್ ಮುಗೀಲಿ.”

“ನಾನೂ ಬರ್ತೀನಪ್ಪಾ,” ಎಂದರು ರಾಜಿ. ಬಾಯಲ್ಲಿ ಗುಟ್ಟು ನಿಲ್ಲದ ಅಕ್ರಂನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂಬ ಚರ್ಚೆ ಮನೆ ಮುಟ್ಟುವವರೆಗೂ ನಡೆಯಿತು.